ಮನೆಯಲ್ಲಿ ಮೇಣದ ಬತ್ತಿಗಳನ್ನು ಮಾಡುವ ಕ್ರಮ

ಖಾನಾಪುರದ ಸೀಮೆಯಲ್ಲಿ ಮಳೆಗಾಲದ ಗಾಳಿಯೆದ್ದು ವಿದ್ಯುದ್ದೀಪಗಳು ಆರಿಹೋದಾಗ ಮನೆಯವರು ಮೊದಲು ಹುಡುಕುವದು ಮೇಣದ ಬತ್ತಿಯನ್ನೇ. ಕ್ರಿಸ್ಮಸ್ ಹಬ್ಬದಲ್ಲಿಯೂ ಅದು ಬೇಕಾಗುವದು. ಇದನ್ನು ಮನೆಯಲ್ಲಿಯೇ ಮಾಡಬಹುದು. ಆದರೆ ಅನೇಕರು ಮೇಣವನ್ನೂ ಬಣ್ಣವನ್ನೂ ಕುರಿತು ಬಹಳ ಚಿಂತಿಸಿ, ಒಳಗಿನ ನೂಲನ್ನು ಅಲಕ್ಷ್ಯಮಾಡುತ್ತಾರೆ. ಬತ್ತಿಯ ಗುಣವಾದರೋ ಹೆಚ್ಚಾಗಿ ಆ ನೂಲಿನಲ್ಲಿಯೇ ಇರುವದು.

ನೂಲು ಉರಿಯುವದೆಂದು ನಮಗೆ ತೋರುತ್ತದೆ; ನಿಜವಾಗಿ ಉರಿಯುವದು ಮೇಣವೇ. ಕರಗಿದ ಮೇಣವು ನೂಲಿನೊಳಗಿಂದ ಮೇಲಕ್ಕೇರಿ, ಶಾಖದಿಂದ ಆವಿಯಾಗಿ, ಆ ಆವಿಯು ಜ್ವಾಲೆಯಾಗುವದು. ನೂಲು ತೀರಾ ದಪ್ಪವಾದರೆ ಮೇಣವು ಬೇಕಾದದ್ದಕ್ಕಿಂತ ಹೆಚ್ಚಾಗಿ ಏರಿ ಮಸಿಯುಂಟಾಗುವದು. ತೀರಾ ತೆಳ್ಳಗಾದರೆ ಜ್ವಾಲೆಯು ಮೇಣದಲ್ಲಿಯೇ ಮುಳುಗಿ ಆರುವದು. ಪೂರ್ವದಲ್ಲಿ ಹುರಿಮಾಡಿದ ನೂಲನ್ನು ಹಾಕುತ್ತಿದ್ದರು. ಅದರ ಕರಿದ ತುದಿಯನ್ನು ಆಗಾಗ್ಗೆ ಕತ್ತರಿಸಬೇಕಾಗಿತ್ತು. 1825ರಲ್ಲಿ ಫ್ರಾನ್ಸ್ ದೇಶದ ಕಾಂಬಾಸೆರೆಸ್ ಎಂಬವನು ಜಡೆಯಂತೆ ಹೆಣೆದ ನೂಲನ್ನು ಬಳಕೆಗೆ ತಂದನು. ಇದು ಉರಿಯುತ್ತಾ ಒಂದು ಪಕ್ಕಕ್ಕೆ ಬಾಗುವದರಿಂದ ತುದಿಯು ಜ್ವಾಲೆಯ ಹೊರಗಣ ಬಿಸಿಯಲ್ಲಿ ಸುಟ್ಟು ಬೂದಿಯಾಗುವದು. ಆದದರಿಂದ ಬಿಳೀ ಹತ್ತಿಯ ನೂಲನ್ನು ಮೂರು ಎಳೆಯಾಗಿ ಹೆಣೆಯಿರಿ. ಒಂದು ಬಟ್ಟಲು ಬಿಸಿನೀರಿನಲ್ಲಿ ಒಂದು ದೊಡ್ಡ ಚಮಚ ಉಪ್ಪನ್ನೂ ಎರಡು ಚಮಚ ಬಿಳಿಗಾರವನ್ನೂ ಕರಗಿಸಿ, ನೂಲನ್ನು ಒಂದು ರಾತ್ರಿ ನೆನೆಯಿಟ್ಟು, ಪೂರ್ಣವಾಗಿ ಒಣಗಿಸಿರಿ. ಬಿಳಿಗಾರವು ಮಕ್ಕಳ ಬಾಯಿಗೆ ಹೋಗಬಾರದು.

ಪ್ಯಾರಫಿನ್ ಎಂಬ ಬಿಳೀ ಮೇಣವು ನೆಲದೆಣ್ಣೆಯಿಂದ ಬರುವದು. ಬೆಳಗಾವಿಯಂಥ ಪೇಟೆಯಲ್ಲಿ ವಿಚಾರಿಸಿ ಕೊಳ್ಳಬಹುದು. ಒಂಭತ್ತು ಪಾಲು ಪ್ಯಾರಫಿನ್ನಿಗೆ ಒಂದು ಪಾಲು ಸ್ಟಿಯರಿನ್ ಬೆರಸಿದರೆ ಬತ್ತಿಯು ಗಟ್ಟಿಯಾಗಿ, ಅಚ್ಚಿನಿಂದ ಸುಲಭವಾಗಿ ಬಿಡುವದು. ಪೆಟ್ಟಿಗೆಯಲ್ಲಿ ತುಡುವೆ ಜೇನನ್ನು ಸಾಕುವವರು ಜೇನು ತೆಗೆದ ಹುಟ್ಟನ್ನು ನೀರಿನಲ್ಲಿ ಕುದಿಸಿ, ಒರಟು ಬಟ್ಟೆಯಲ್ಲಿ ಶೋಧಿಸಿ ಆರಲಿಡಲಿ. ಮೇಣವು ತೇಲಿ ಬಿಲ್ಲೆಯಾಗುವದು. ಇದು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವದು. ಆದರೆ ಮೇಣದ ಆಸೆಯಿಂದ ಕಾಡಿನ ಹೆಜ್ಜೇನಿಗೆ ಯಾರೂ ದೀವಟಿಗೆ ಹಿಡಿಯಬಾರದು. ಕಾಡಿನ ಜೇನೂ ಮೇಣವೂ ಕಾನೂನಿನಲ್ಲಿ ಅರಣ್ಯದ ಉತ್ಪತ್ತಿಗಳೆಂದು ಎಣಿಸಲ್ಪಟ್ಟಿವೆ. ಖಾನಾಪುರ ತಾಲೂಕಿನ ಭೀಮಗಡದ ಕಾಡಂತೂ 2011ರಿಂದ ವನ್ಯಜೀವಿಧಾಮವಾಗಿದೆ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಮೇಣದ ಪಾತ್ರೆಯನ್ನು ಎಂದಿಗೂ ನೆಟ್ಟಗೆ ಒಲೆಯ ಮೇಲಿಡಬೇಡಿರಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಮೇಣದ ಪಾತ್ರೆಯನ್ನಿಡಿರಿ. ಹೀಗೆ ಮಾಡಿದರೆ ಮೇಣವು ಕುದಿನೀರಿಗಿಂತ ಹೆಚ್ಚು ಕಾಯದು. ಸೌದೆಯ ಒಲೆಯಾದರೆ ಉರಿಯನ್ನು ತಗ್ಗಿಸಿರಿ. ಸೀರೆಯ ಸೆರಗನ್ನು ಬಿಗಿದುಕೊಳ್ಳಿರಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಯಾಕಂದರೆ ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ಸುತ್ತಲೂ ಎರಚುವದು. ಪಾತ್ರೆಯನ್ನು ಮುಚ್ಚಳದಿಂದ ಮುಚ್ಚಿ ಒಲೆಯನ್ನು ಆರಿಸಿರಿ.

ಅಚ್ಚಿಗೆ ಬಿದಿರಿನ ಕೊಳವೆ ಸಾಕು. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಳಗೆ ಎಣ್ಣೆ ಸವರಿ, ಕೂಡಿಸಿ ಬಿಗಿಯಾಗಿ ಕಟ್ಟಿರಿ; ನಡುವೆ ನೂಲನ್ನು ಎಳೆದು ನಿಲ್ಲಿಸಿ ಮೇಣ ಹೊಯ್ಯಿರಿ. ಆರುವಾಗ ಮೇಣವು ಕುಗ್ಗಿ ನೂಲಿನ ಸುತ್ತಲೂ ಗುಳಿ ಬೀಳುವದು. ಅದನ್ನು ಮತ್ತೊಮ್ಮೆ ತುಂಬಿರಿ. ಖಾನಾಪುರದ ಕುಂಬಾರಿಕೆಯು ಹೆಸರಾದದ್ದು. ಅಲ್ಲಿಯ ಬಟ್ಟಲುಗಳಲ್ಲಿಯೂ ಮೇಣ ತುಂಬಬಹುದು. ಆದರೆ ಲೇಪವಿಲ್ಲದ ಮಣ್ಣು ಮೇಣವನ್ನು ಹೀರುವದರಿಂದ ಒಳಗೆ ಗಾಜುಲೇಪವಿರುವ ಬಟ್ಟಲನ್ನೇ ಆರಿಸಿರಿ.

ಅಲಂಕಾರದ ವಿಷಯದಲ್ಲಿ ಮಿತವಿರಲಿ. ಅರಿಸಿನವೂ ಕುಂಕುಮವೂ ಮೇಣದಲ್ಲಿ ಕರಗದೆ ನೂಲಿನ ರಂಧ್ರಗಳನ್ನು ಮುಚ್ಚುವವು. ಜರತಾರಿ ಕಾಗದವೂ ಒಣಗಿದ ಹೂವೂ ನೋಟಕ್ಕೆ ಚೆಂದ, ಆದರೆ ಜ್ವಾಲೆಯು ಕೆಳಗಿಳಿದಾಗ ಹೊತ್ತಿಕೊಳ್ಳುವವು. ಮೇಣದಲ್ಲಿ ಕರಗುವ ಬಣ್ಣವನ್ನು ಸ್ವಲ್ಪ ಮೇಣಕ್ಕೆ ಬೆರಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೆಚ್ಚಗಿರುವಾಗಲೇ ಎಲೆ ನಕ್ಷತ್ರಗಳನ್ನು ಕೊಯ್ದು ಬತ್ತಿಯ ಮೈಗೆ ಒತ್ತುವದು ಉತ್ತಮ. ಜೇನುಮೇಣಕ್ಕಂತೂ ಅದರ ಹಳದಿಯೇ ಸಾಕಾದ ಒಡವೆ.

ಹೊತ್ತಿಸುವ ಮುಂಚೆ ನೂಲನ್ನು ಕಾಲು ಅಂಗುಲಕ್ಕೆ ಕತ್ತರಿಸಿರಿ. ಉಳಿದ ಚೂರುಗಳನ್ನು ಮೋರಿಗೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಸಿಟ್ಟರೆ ಮುಂದಿನ ಸಾರಿ ಕರಗಿಸಲಿಕ್ಕೆ ಬರುವವು.