ಅರ್ಧಕ್ಕೆ ನಿಂತ ಬ್ಯಾಕಪ್

ಹಾಲಿನ ಸಹಕಾರ ಸಂಘವೊಂದರ ಸರ್ವರ್ ನೋಡಿಕೊಳ್ಳುತ್ತಿದ್ದ ದಿನಗಳವು. ಸದಸ್ಯರು, ಲೀಟರು, ರಸೀದಿ ಎಲ್ಲ ಒಂದೇ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ. ಕ್ರಾನ್‌ನಲ್ಲಿ ಎರಡು ಸಾಲು ಬರೆದಿದ್ದೆ: ರಾತ್ರಿ 2 ಗಂಟೆಗೆ ಡಂಪ್ ತೆಗೆದು ಜಿಜಿಪ್ ಮಾಡು, 2:30ಕ್ಕೆ ಆ ದಿನದ ಫೈಲನ್ನು ಆರ್‌ಸಿಂಕ್ ಮೂಲಕ ಇನ್ನೊಂದು ಲಿನಕ್ಸ್ ಸರ್ವರಿಗೆ ಕಳಿಸು. ಆಗ ಡಂಪ್‌ಗೆ ಹತ್ತು ನಿಮಿಷ ಸಾಕಿತ್ತು. ಬೆಳಿಗ್ಗೆ ಹೊಸ ತಾರೀಖಿನ ಫೈಲ್ ಕಂಡರೆ ನನಗೆ ನೆಮ್ಮದಿ.

ಎರಡು ವರ್ಷದ ಮೇಲೆ ಮೊದಲ ಸರ್ವರಿನ ಡಿಸ್ಕ್ ಕೆಟ್ಟಿತು. ಇನ್ನೊಂದರಲ್ಲಿದ್ದ ಹಿಂದಿನ ರಾತ್ರಿಯ ಫೈಲ್ ಬಿಚ್ಚಿದೆ. ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಎಂದಿತು. ಅದರ ಹಿಂದಿನ ದಿನದ್ದೂ ಹಾಗೇ. ಡಂಪ್ ಟೇಬಲ್‌ಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಬರೆಯುತ್ತದೆ. ಸದಸ್ಯರ ಟೇಬಲ್ ಬಂದಿತ್ತು, ರಸೀದಿಗಳಿದ್ದ ವೋಚರ್ ಟೇಬಲ್ ಇರಲಿಲ್ಲ. ಡೇಟಾ ಬೆಳೆದು ಡಂಪ್ ಅರ್ಧ ಗಂಟೆ ಮೀರಿತ್ತು. ಆರ್‌ಸಿಂಕ್ ಗಡಿಯಾರ ನೋಡಿ ಹೊರಟು, ಆ ಹೊತ್ತಿಗೆ ಎಷ್ಟಿತ್ತೋ ಅಷ್ಟನ್ನು ಒಯ್ದಿತ್ತು. ಹೇಳಿದ್ದನ್ನು ಮಾಡಿದ ಅದಕ್ಕೆ ಎರರ್ ತೋರಿಸಲು ಕಾರಣವೇ ಇರಲಿಲ್ಲ.

ಪೂರ್ತಿ ಇದ್ದ ಕೊನೆಯ ಫೈಲ್ 19 ದಿನ ಹಳೆಯದು. ಸಂಘದ ಗುಮಾಸ್ತರು ರಸೀದಿಗಳ ಕಾರ್ಬನ್ ಪ್ರತಿ ಹರಡಿಕೊಂಡು ಒಂದೊಂದೇ ಟೈಪ್ ಮಾಡಿದರು. “ಬ್ಯಾಕಪ್ ಇದೆ ಅಂದಿದ್ರಲ್ಲ ಸರ್?” ಎಂದು ಒಂದು ಸಲ ಕೇಳಿದರು, ಅಷ್ಟೇ.

ಆಮೇಲೆ ಎರಡು ಸಾಲನ್ನು ಒಂದೇ ಸ್ಕ್ರಿಪ್ಟ್ ಮಾಡಿದೆ. ಡಂಪ್ ಮುಗಿದರೆ ಮಾತ್ರ ಮುಂದಿನ ಹೆಜ್ಜೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಜಿಜಿಪ್‌ನಿಂದಲೇ ಪರೀಕ್ಷಿಸಿ, ಆಮೇಲೆ ನಿಜವಾದ ಹೆಸರು ಕೊಡುತ್ತೇನೆ. ಸ್ಕ್ರಿಪ್ಟಿನ ತಲೆಯಲ್ಲಿ ‘ಪೈಪ್‌ಫೇಲ್’ ಹಾಕಿದ್ದೇನೆ. ಅದಿಲ್ಲದಿದ್ದರೆ ಡಂಪ್ ಸೋತರೂ ಜಿಜಿಪ್ ಗೆದ್ದಿತೆಂದು ಶೆಲ್ ನಂಬುತ್ತದೆ. ಆರ್‌ಸಿಂಕ್‌ನ ‘ಡಿಲೀಟ್’ ಆಯ್ಕೆಯನ್ನು ಬ್ಯಾಕಪ್‌ಗೆ ಬಳಸುವುದಿಲ್ಲ: ಇಲ್ಲಿ ಅಳಿದದ್ದು ಅಲ್ಲೂ ಅಳಿದರೆ ಎರಡನೇ ಸರ್ವರ್ ಏತಕ್ಕೆ? ಕಳಿಸುವ ಬದಲು ಆ ಸರ್ವರೇ ಬಂದು ಎಸ್‌ಎಸ್‌ಎಚ್ ಕೀಲಿಯಿಂದ ಫೈಲ್ ಎಳೆದುಕೊಳ್ಳುತ್ತದೆ. ಮೊದಲನೆಯದು ಯಾರ ಕೈಗೆ ಸಿಕ್ಕರೂ ಬ್ಯಾಕಪ್‌ಗೆ ದಾರಿ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಫೈಲ್ ಕಂಡ ಮಾತ್ರಕ್ಕೆ ನಂಬುವುದನ್ನು ಬಿಟ್ಟಿದ್ದೇನೆ. ಪ್ರತಿ ತಿಂಗಳ ಮೊದಲ ಶನಿವಾರ ಖಾಲಿ ಡೇಟಾಬೇಸಿಗೆ ಅದನ್ನು ರಿಸ್ಟೋರ್ ಮಾಡುತ್ತೇನೆ. ಹಿಂದಿನ ದಿನದ ವೋಚರ್ ಮೊತ್ತವನ್ನು ಗುಮಾಸ್ತರು ತಮ್ಮ ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ಅವರು “ಸರಿ ಇದೆ” ಎಂದ ಮೇಲೆಯೇ ಅದನ್ನು ಬ್ಯಾಕಪ್ ಎಂದು ಕರೆಯುತ್ತೇನೆ.