ರಬ್ಬರ್ ಮೊದಲು, ಲೋಹ ಆಮೇಲೆ

ಹಳೆಯ ಚೈನ್‌ಸಾ ಮಾರಾಟಕ್ಕಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಮಾಡುವ ಕೆಲಸ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಸುವುದು. ಹಳಸಿದ ವಾರ್ನಿಷ್ಷಿನ ವಾಸನೆ ಮೂಗಿಗೆ ಹೊಡೆದರೆ, ಒಳಗೆ ಪೆಟ್ರೋಲ್ ಬಿಟ್ಟು ಮೂಲೆಗೆ ಹಾಕಿದ್ದಾರೆ, ಕಾರ್ಬುರೇಟರ್ ಪೂರ್ತಿ ಬಿಚ್ಚಬೇಕು ಅಂತ ಲೆಕ್ಕ. ಆಮೇಲೆ ಸೈಲೆನ್ಸರ್ ಕಳಚಿ, ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು ಪಿಸ್ಟನ್ ನೋಡುತ್ತೇನೆ. ಮೈ ನುಣ್ಣಗಿದ್ದರೆ ಸರಿ. ಉದ್ದುದ್ದ ಗೀರು ಬಿದ್ದಿದ್ದರೆ ಬಿಡಿಭಾಗಕ್ಕಷ್ಟೇ ಎಂದು ಬೆಲೆ ಇಳಿಸಿ ಕೇಳುತ್ತೇನೆ. ಬಣ್ಣ, ಸ್ಟಿಕ್ಕರ್ ನೋಡಿ ಮರುಳಾಗುವ ಘಟ್ಟ ದಾಟಿ ಬಹಳ ಕಾಲವಾಯಿತು.

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದಲ್ಲಿ. ವಾರವಿಡೀ ಚಿಪ್ ತಯಾರಿಸುವ ಕಾರ್ಖಾನೆ, ಶನಿವಾರ ಗ್ಯಾರೇಜು, ಉಗುರಲ್ಲಿ ಗ್ರೀಸು. ನಮ್ಮೂರು ಸಾಗರದ ಕಡೆ. ಅಡಿಕೆ ತೋಟ ತಮ್ಮ ನೋಡಿಕೊಳ್ಳುತ್ತಾನೆ. ಇಲ್ಲಿ ಡಗ್ಲಸ್ ಫರ್ ಮರ ಕಡಿದೇ ಬೆಳೆದ ಊರುಗಳು ಎಷ್ಟೋ. ಅಜ್ಜ ತೀರಿಕೊಂಡ ಮೇಲೆ ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಶೆಡ್ಡಿನಿಂದ ಒಂದಾದರೂ ಚೈನ್‌ಸಾ ಹೊರಬರುತ್ತದೆ. ಈಗಿನ ಚೈನಿನ ಹಲ್ಲು ಹುಟ್ಟಿದ್ದೂ ಈ ಸೀಮೆಯಲ್ಲೇ. 1946ರಲ್ಲಿ ಮರ ಕಡಿಯುವ ಕಸುಬಿನ ಜೋಸೆಫ್ ಬ್ಯುಫೋರ್ಡ್ ಕಾಕ್ಸ್, ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತ ಮರ ಕೊರೆಯುವುದನ್ನು ಕಂಡರು. ಅದೇ ವರಸೆಯಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿದ ಚೈನ್ ಮಾಡಿ, ಮರುವರ್ಷ ಪೋರ್ಟ್‌ಲ್ಯಾಂಡಿನಲ್ಲಿ ಮಾರತೊಡಗಿದರು. ಅದಕ್ಕೂ ಮುಂಚೆ ಚೈನಿಗೆ ಕೈಗರಗಸದಂಥದೇ ಹಲ್ಲು. ಅದನ್ನು ಅರ ಹಾಕಿ ಮಸೆಯುವುದೇ ಒಂದು ದೊಡ್ಡ ಕೆಲಸ.

ಮೊದಮೊದಲ ಮಿಷನ್ನುಗಳನ್ನು ಎತ್ತಲು ಇಬ್ಬರು ಬೇಕಿತ್ತು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದರು. 1949ರಲ್ಲಿ ಬಂದ ಮೆಕಲಕ್ 3-25 ಒಬ್ಬನೇ ಹೊತ್ತು ಕಾಡಿಗೆ ಹೋಗಬಹುದಾದದ್ದು: ತೂಕ 25 ಪೌಂಡ್, ಅಂದರೆ ಹನ್ನೊಂದು ಕಿಲೋ ಚಿಲ್ಲರೆ. (ಅದನ್ನು ತಯಾರಿಸಿದ ಕಂಪನಿಯ ರಾಬರ್ಟ್ ಮೆಕಲಕ್ ಅವರೇ 1968ರಲ್ಲಿ ಲಂಡನ್ ಸೇತುವೆಯನ್ನು ಕೊಂಡು, ಕಲ್ಲು ಕಲ್ಲಾಗಿ ಆರಿಜೋನಾದ ಮರುಭೂಮಿಗೆ ಸಾಗಿಸಿದ್ದು. ನನ್ನ ಹುಚ್ಚು ಅದರ ಮುಂದೆ ಏನೂ ಅಲ್ಲ ಎಂದು ಹೆಂಡತಿಗೆ ಆಗಾಗ ನೆನಪಿಸುತ್ತೇನೆ.) ಈ ಮಿಷನ್ನುಗಳು ಎಂಥ ಮರಗಳನ್ನು ಎದುರಿಸಿದವು ಎಂದು ತಿಳಿಯಬೇಕಾದರೆ ಇಲ್ಲಿನ ಎಲ್ಸಿ ಎಂಬ ಊರಿನ ಕ್ಯಾಂಪ್ 18 ಹೋಟೆಲಿನಲ್ಲಿ ಊಟಕ್ಕೆ ಕೂತು ತಲೆ ಎತ್ತಬೇಕು. ಚಾವಣಿಯ ನಡುತೊಲೆ ಒಂದೇ ಮರದ್ದು, 85 ಅಡಿ.

ಹೊಸಬರು ಕೇಳಿದರೆ ನಾನು ಹೇಳುವ ಹೆಸರು ಹೋಮ್‌ಲೈಟ್ ಎಕ್ಸ್‌ಎಲ್-12. 1963ರಲ್ಲಿ ಬಂದದ್ದು, ಚೈನು ಮತ್ತು ಅದು ಸುತ್ತುವ ಬಾರು ಬಿಟ್ಟರೆ 12 ಪೌಂಡ್ ತೂಕ. ರಾಶಿ ರಾಶಿ ತಯಾರಾಗಿದೆ, ಹಾಗಾಗಿ ಬಿಡಿಭಾಗ ಸಿಗುತ್ತದೆ. ಅಪರೂಪದ್ದರ ಬೆನ್ನು ಹತ್ತಿದವರು ಒಂದು ಸೀಲ್ ಹುಡುಕುತ್ತಲೇ ವರ್ಷ ಕಳೆಯುತ್ತಾರೆ.

ಯಾಕೆಂದರೆ ಈ ಮಿಷನ್ನುಗಳಲ್ಲಿ ಲೋಹ ಸಾಯುವುದು ಕಡಿಮೆ. ಉಕ್ಕಿನ ಕ್ರ್ಯಾಂಕು, ಬೇರಿಂಗು ಅರವತ್ತು ವರ್ಷವಾದರೂ ಗಟ್ಟಿ. ಸಾಯುವುದು ರಬ್ಬರು. ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಫ್ಲೋಟ್ ತೇಲುತ್ತಿರುತ್ತದೆ. ಆದರೆ ಚೈನ್‌ಸಾವನ್ನು ಬುಡ ಕೊಯ್ಯುವಾಗ ಮಗ್ಗುಲಾಗಿ, ಕೊಂಬೆಗೆ ತಲೆಕೆಳಗಾಗಿ ಹಿಡಿಯಬೇಕು. ಫ್ಲೋಟಿನ ಆಟ ಅಲ್ಲಿ ನಡೆಯದು. ಅದಕ್ಕೇ 1950ರ ದಶಕದಲ್ಲಿ ಡಯಾಫ್ರಮ್ ಕಾರ್ಬುರೇಟರ್ ರೂಢಿಗೆ ಬಂತು. ಒಳಗೆ ಎರಡು ತೆಳು ಪೊರೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದಂತೆ ಒಂದು ಪೊರೆ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು, ಎಂಜಿನ್ ಹೀರಿದಷ್ಟಕ್ಕೆ ಸೂಜಿ ಎತ್ತಿ ಒಳಗೆ ಬಿಡುತ್ತದೆ. ವರ್ಷಗಟ್ಟಲೆ ಒಣಗಿದ ಪೊರೆ ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ, ಮಿಡಿಯುವುದೇ ಇಲ್ಲ. ಕೆಲವು ಡಾಲರಿನ ಕಿಟ್ ಹಾಕಿ, ಪೆಟ್ರೋಲ್ ಪೈಪ್ ಬದಲಿಸಿದರೆ ಎಷ್ಟೋ "ಸತ್ತ" ಎಂಜಿನ್ನುಗಳು ಎದ್ದು ಕೂರುತ್ತವೆ.

ಹಳೆಯ ರಬ್ಬರಿಗೆ ಎಥನಾಲ್ ಕೂಡಿಬರುವುದಿಲ್ಲ, ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಚೈನ್‌ಸಾ, ದೋಣಿ, ಹಳೆಯ ವಾಹನಗಳಿಗೆಂದು ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲ್ ಮಾರಲು ಆರೆಗಾನ್ ಕಾನೂನಿನಲ್ಲಿ ಅವಕಾಶವಿದೆ. ನಾನು ಹಾಕುವುದು ಅದನ್ನೇ. ನಮ್ಮೂರ ಕಡೆಯ ಬಂಕುಗಳಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆಸಿದ್ದು. ತಮ್ಮನ ಹುಲ್ಲು ಹೊಡೆಯುವ ಮಿಷನ್ನಿನಲ್ಲೂ ಇರುವುದು ಇಂಥದೇ ಪೊರೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡು ಎಂದು ಫೋನಿನಲ್ಲಿ ಹೇಳುತ್ತಲೇ ಇರುತ್ತೇನೆ. ಹೂಂ ಅನ್ನುತ್ತಾನೆ.

ಕಿಡಿಯ ವಿಷಯ ಹೆಚ್ಚು ಹೇಳುವಂಥದಲ್ಲ. ಫ್ಲೈವೀಲಿನ ಕೆಳಗೆ ಪಾಯಿಂಟ್ಸು, ಕಂಡೆನ್ಸರು. ಹಳೆಯ ಸ್ಕೂಟರ್ ಬಿಚ್ಚಿದವರಿಗೆ ಹೊಸದೇನಲ್ಲ. ಫ್ಲೈವೀಲ್ ನಟ್ ಬಿಚ್ಚುವಾಗ ಪಿಸ್ಟನ್ ನಿಲ್ಲಿಸಲು ಕಬ್ಬಿಣ ತುರುಕಬಾರದು. ಪಿಸ್ಟನ್ ಮೇಲೇರಿ ಕಿಂಡಿ ಮುಚ್ಚಿದ ಮೇಲೆ ಪ್ಲಗ್ಗಿನ ತೂತಿನಿಂದ ಸ್ಟಾರ್ಟರ್ ಹಗ್ಗದ ತುಂಡು ಇಳಿಸಿದರೆ ಸಾಕು.

ಸ್ಟಾರ್ಟ್ ಆಯಿತೆಂದು ಕುಣಿಯುವವರೇ ಹೆಚ್ಚು ಎಂಜಿನ್ ಕೆಡಿಸುವುದು. ಕ್ರ್ಯಾಂಕಿನ ಎರಡು ತುದಿಯ ಸೀಲುಗಳೂ ರಬ್ಬರೇ. ಅವು ಗಟ್ಟಿಯಾಗಿ ಸೀಳಿದ್ದರೆ ಗಾಳಿ ಒಳನುಗ್ಗುತ್ತದೆ, ಪೆಟ್ರೋಲ್ ಸಾಲದೆ ಎಂಜಿನ್ ಚೀರುತ್ತದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಅದಕ್ಕೂ ಬರ. ನಿಮಿಷಗಳಲ್ಲಿ ಪಿಸ್ಟನ್ ಸುಟ್ಟು ಗೀರು ಬೀಳುತ್ತದೆ. ಆದ್ದರಿಂದ ಮೊದಲು ಪೆಟ್ರೋಲ್ ಬರುವ, ಹೊಗೆ ಹೋಗುವ ಎರಡೂ ಕಿಂಡಿಗೆ ರಬ್ಬರ್ ತುಂಡು ಬಿಗಿದು, ಕೈಪಂಪಿನಿಂದ ಗಾಳಿ ತುಂಬಿ ಮುಳ್ಳು ನಿಲ್ಲುತ್ತದೆಯೇ ನೋಡುತ್ತೇನೆ. ಆಮೇಲೆ ಗಾಳಿ ಎಳೆದೂ ನೋಡುತ್ತೇನೆ. ಒಳಗಿನ ಒತ್ತಡ ತಡೆದ ಸೀಲ್ ಹೊರಗಿನ ಗಾಳಿಗೆ ಸೋಲುವುದುಂಟು. ಸ್ಟಿಕ್ಕರಿನ ಮೇಲೆ ಪೆಟ್ರೋಲಿಗೆ ಆಯಿಲ್ 16:1 ಎಂದಿದ್ದರೂ ಈಗಿನ ಟೂ ಸ್ಟ್ರೋಕ್ ಆಯಿಲ್ ಆದರೆ 32:1 ಬೆರೆಸುತ್ತೇನೆ.

ಬಣ್ಣ ಹಚ್ಚುವುದು ನನಗೆ ಸೇರದು. ಕೈ ಹಿಡಿದು ಹಿಡಿದು ಸವೆದ ಹ್ಯಾಂಡಲನ್ನು ಹೊಸದು ಮಾಡಿ ಏನು ಸಾಧನೆ? ಮೆಗ್ನೀಸಿಯಂ ಕವಚ ಬಿಳಿ ಪುಡಿ ಉದುರಿಸುತ್ತಿದ್ದರೆ ಅಲ್ಲಿಗಷ್ಟೇ ಬಣ್ಣ.

ಕಳೆದ ಸಲ ಫೋನಿನಲ್ಲಿ ತಮ್ಮ, "ಅಣ್ಣ, ಬರ್ತಾ ಅದ್ರಲ್ಲೊಂದು ತಗೊಂಡು ಬಾ, ತೋಟಕ್ಕೆ ವಾಲಿದ ಮರ ಕಡೀಬೇಕು" ಎಂದ. ಆಗಲ್ಲ ಎಂದೆ. ಹಸ್ಕ್‌ವರ್ನಾದಲ್ಲಿ ತಾನಾಗಿ ಬೀಳುವ ಚೈನ್ ಬ್ರೇಕ್ ಬಂದದ್ದೇ 1973ರಲ್ಲಿ. ನನ್ನವು ಅದಕ್ಕಿಂತ ಹಳೆಯವು. ಬಾರಿನ ಮೇಲ್ತುದಿ ಮರಕ್ಕೆ ತಗುಲಿದರೆ ಮಿಷನ್ ಮುಖಕ್ಕೇ ಚಿಮ್ಮುತ್ತದೆ, ತಡೆಯುವುದಕ್ಕೆ ಏನೂ ಇಲ್ಲ. ಹ್ಯಾಂಡಲನ್ನು ನೇರ ಎಂಜಿನ್ನಿಗೇ ಬಿಗಿದಿರುವುದರಿಂದ ಅರ್ಧ ಗಂಟೆಗೆ ಬೆರಳು ಜೋಮು ಹಿಡಿಯುತ್ತದೆ. ನಾನೇ ಇವನ್ನು ನೆಲದ ಮೇಲಿಟ್ಟ ದಿಮ್ಮಿಗೆ ಬಿಟ್ಟು ಬೇರೆಲ್ಲೂ ಹಿಡಿಯುವುದಿಲ್ಲ. ಏಣಿ ಹತ್ತುವ ಆಳಿನ ಕೈಗೆ ಹೇಗೆ ಕೊಡಲಿ? ಬೇಕಾದರೆ ಹುಲ್ಲು ಹೊಡೆಯುವ ಮಿಷನ್ನಿಗೆ ಡಯಾಫ್ರಮ್ ಕಿಟ್ ತರುತ್ತೇನೆ, ಮಾಡೆಲ್ ನಂಬರ್ ಫೋಟೊ ಹೊಡೆದು ಕಳಿಸು ಎಂದಿದ್ದೇನೆ. ಇನ್ನೂ ಕಳಿಸಿಲ್ಲ.