ಇ-ಬೈಕ್: ಕೊಟ್ಟ ದುಡ್ಡು ವಸೂಲಾಗಲು ಸೂತ್ರಗಳು

ಶೋರೂಮಿಗೆ ಕಾಲಿಡುವ ಮೊದಲು ಪೆನ್ನು ಹಿಡಿಯಿರಿ. ಗೊಂದಲ ಅನ್ನೋದು ಲೆಕ್ಕ ಹಾಕದವರ ಚಾಳಿ, ಇವತ್ತೇ ಬಿಡಿ.

1. ಬೆಲೆ ಆಮೇಲೆ, ಮೊದಲು ಕಿಲೋಮೀಟರ್ ಬರೆಯಿರಿ.
ಪೆಟ್ರೋಲ್ 100 ರೂಪಾಯಿ, ಮೈಲೇಜ್ 45 ಅಂದುಕೊಳ್ಳಿ: ಕಿ.ಮೀ.ಗೆ ಸುಮಾರು 2.20 ರೂ. ಎಲೆಕ್ಟ್ರಿಕ್ ಸ್ಕೂಟರ್ 100 ಕಿ.ಮೀ.ಗೆ 4 ಯೂನಿಟ್ ಕುಡಿದು, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕಿ.ಮೀ.ಗೆ 28 ಪೈಸೆ. ಕೆಂಗೇರಿಯಿಂದ ರಾಜಾಜಿನಗರಕ್ಕೆ ಹೋಗಿಬಂದು ದಿನಕ್ಕೆ 25 ಕಿ.ಮೀ. ಓಡಿಸುವವರಿಗೆ, 25 ದಿನದ ತಿಂಗಳಲ್ಲಿ 1,200 ರೂ. ಉಳಿತಾಯ. ಪೆಟ್ರೋಲ್ ಗಾಡಿಗಿಂತ 30,000 ಹೆಚ್ಚು ಕೊಟ್ಟರೂ ಎರಡು ವರ್ಷ ಚಿಲ್ಲರೆಯಲ್ಲಿ ವಸೂಲಿ. ಮನೆಯಿಂದ ವಿಜಯನಗರ ಮೆಟ್ರೋವರೆಗೆ, ದಿನಕ್ಕೆ 4 ಕಿ.ಮೀ. ಅಷ್ಟೇನಾ? ಹಾಗಾದರೆ 13 ವರ್ಷ ಬೇಕು! ಆ ದುಡ್ಡು ಒಂದು ಒಳ್ಳೇ ಕೋರ್ಸಿಗೆ ಹಾಕಿ.

2. ಬ್ಯಾಟರಿಗೆ ದುಡ್ಡು ಕೊಡಿ, ಟಚ್‌ಸ್ಕ್ರೀನಿಗಲ್ಲ.
ಆನ್‌ರೋಡ್ ಬೆಲೆಯನ್ನು ಬ್ಯಾಟರಿಯ ಕಿಲೋವ್ಯಾಟ್-ಅವರ್‌ನಿಂದ ಭಾಗಿಸಿ, ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ನೋಡಿ. ಬ್ರೋಷರಿನ ರೇಂಜ್ ಪರೀಕ್ಷೆಯಲ್ಲಿ ಬಂದದ್ದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೈಸೂರು ರಸ್ತೆ ಹಿಡಿದರೆ ಅಷ್ಟು ಬರಲ್ಲ. ವಾರಂಟಿಯಲ್ಲಿ ವರ್ಷದ ಜೊತೆ ಶೇಕಡಾವಾರನ್ನೂ ಓದಿ: ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ?

3. ಸಬ್ಸಿಡಿ ಹೆಚ್ಚಾಗಲಿ ಅಂತ ಕಾಯಬೇಡಿ.
ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಕಿಲೋವ್ಯಾಟ್-ಅವರ್‌ಗೆ 15,000 ರೂ. ಕೊಡುತ್ತಿತ್ತು. 2023ರ ಜೂನ್‌ನಲ್ಲಿ ಅದು 10,000, 2024ರಲ್ಲಿ 5,000. ಕಾದವರಿಗೆ ಸಿಕ್ಕಿದ್ದು ಕಡಿಮೆಯೇ.

4. ಅಡ್ವಾನ್ಸ್ ಕಟ್ಟುವ ಮೊದಲು ಪ್ಲಗ್ ಹುಡುಕಿ.
ಬಸವೇಶ್ವರನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಾ? ನಿಮ್ಮ ಮೀಟರಿನಿಂದಲೇ ಪಾರ್ಕಿಂಗಿಗೆ ಲೈನ್ ಎಳೆಸಲು ಓನರ್ ಒಪ್ಪಿಗೆ ಪಡೆಯಿರಿ. ಒಪ್ಪಲಿಲ್ಲವೇ? ಬ್ಯಾಟರಿ ಕಳಚಿ ಮೇಲೆ ಒಯ್ಯುವ ಮಾಡೆಲ್ ನೋಡಿ. (ಅದರ ತೂಕ ಒಮ್ಮೆ ಎತ್ತಿ ನೋಡಿ, ನಮ್ಮಲ್ಲಿ ಲಿಫ್ಟ್ ಇರುವ ಮನೆ ಕಡಿಮೆ.)

5. ನೀವೇ ಗಾಡಿ ಕಟ್ಟುವುದಾದರೆ ಎಲೆಕ್ಟ್ರಿಕ್ ಸೈಕಲ್ ಕಟ್ಟಿ.
ಮೋಟರ್ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗಿರಲಿ, ಲೈಸೆನ್ಸ್, ರಿಜಿಸ್ಟ್ರೇಷನ್ ತಾಪತ್ರಯವಿಲ್ಲ. 36 ವೋಲ್ಟ್, 10 ಆಂಪಿಯರ್-ಅವರ್ ಪ್ಯಾಕ್ ಅಂದರೆ 360 ವ್ಯಾಟ್-ಅವರ್. ಪೆಡಲ್ ತುಳಿಯುತ್ತಿದ್ದರೆ 25–30 ಕಿ.ಮೀ. ಓಡಿಸಬಹುದು. ಒಳ್ಳೇ ಬ್ರೇಕ್ ಹಾಕಿಸಿ. ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಇಲ್ಲದ ಪ್ಯಾಕ್ ಎಸ್.ಪಿ. ರೋಡಿನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಬೆಂಕಿ ಹತ್ತುವ ಅಪಾಯ ಅಂಥ ಪ್ಯಾಕಿನಲ್ಲೇ ಹೆಚ್ಚು. 1,000 ವ್ಯಾಟ್ ಮೋಟರ್ ಆಸೆಯನ್ನೂ ಬಿಡಿ: ಮನೇಲಿ ಕಟ್ಟಿದ ಆ ಗಾಡಿಗೆ ರಾಜಾಜಿನಗರ ಆರ್‌ಟಿಒದಲ್ಲಿ ಕೆಎ-02 ನಂಬರ್ ಸಿಗಲ್ಲ, ನಂಬರಿಲ್ಲದೆ ಇನ್ಶೂರೆನ್ಸೂ ಇಲ್ಲ.